ಸರ್ಬರಸ್ ಮಾಡಿದ್ದು ಅನಿವಾರ್ಯವಾ, ಇಲ್ಲಾ ಅವರಿಗೆ ಕೆಲಸವೇ ಬರ್ತಿರಲಿಲ್ವಾ?

ರಿಲೇ_314

ಮಾಸ್ ಎಫೆಕ್ಟ್ ವಿಡಿಯೊ ಗೇಮ್‌ನ ಮೂರೂ ಭಾಗಗಳನ್ನು ಲೆಜೆಂಡರಿ ಎಡಿಷನ್‌ನಲ್ಲಿ ಮತ್ತೆ ಆಡಿ ಮುಗಿಸಿದೆ. ಕಥೆಯ ಗುಟ್ಟೆಲ್ಲ ಇಲ್ಲಿ ರಟ್ಟಾಗುತ್ತದೆ. ಆಡದವರು ದಯವಿಟ್ಟು ಮುಂದೆ ಓದಬೇಡಿ.

ಮನುಕುಲದ ಹೆಸರಲ್ಲಿ ಗುಟ್ಟಾಗಿ ಪ್ರಯೋಗ ನಡೆಸುವ ಸಂಸ್ಥೆ ಸರ್ಬರಸ್‌ನ ವಿಷಯ ಬಂದಾಗಲೆಲ್ಲ ಇಲ್ಲಿ ಎರಡು ಬಣ ಆಗುತ್ತದೆ. ಒಂದು ಬಣ ಹೇಳುವುದು: ಗ್ಯಾಲಕ್ಸಿಯ ನಾಗರಿಕತೆಗಳನ್ನೇ ಅಳಿಸಿಹಾಕುವ ದೈತ್ಯ ಯಂತ್ರಗಳಾದ ರೀಪರ್‌ಗಳು ಬರುತ್ತಿವೆ, ಗ್ಯಾಲಕ್ಸಿ ಆಳುವ ಕೌನ್ಸಿಲ್ ಕಣ್ಣು ಮುಚ್ಚಿ ಕೂತಿದೆ, ಮನುಕುಲ ಉಳಿಯಬೇಕೆಂದರೆ ಯಾರಾದರೂ ಕೆಟ್ಟವರು ಅನಿಸಿಕೊಳ್ಳಲೇಬೇಕು. ಇನ್ನೊಂದು ಬಣ ಹೇಳುವುದು: ಅವರು ರಾಕ್ಷಸರು, ಅಷ್ಟೇ. ನಾನು ಸ್ವಲ್ಪ ಹೊತ್ತು ನೀತಿಯ ಮಾತನ್ನು ಪಕ್ಕಕ್ಕಿಡುತ್ತೇನೆ. ಸರ್ಬರಸ್ ಮುಖ್ಯಸ್ಥ ಇಲ್ಯೂಸಿವ್ ಮ್ಯಾನ್ ತಾನೇ ಒಪ್ಪುವ ಅಳತೆಗೋಲಿನಿಂದಲೇ ಅಳೆಯೋಣ. ಇಷ್ಟೆಲ್ಲ ಜನರನ್ನು ಬಲಿ ಕೊಟ್ಟು ಅವನ ಕೈಗೆ ಸಿಕ್ಕಿದ್ದೇನು?

ಅಕೂಝೆ ಗ್ರಹ, 2177. 50 ಸೈನಿಕರನ್ನು ಥ್ರೆಷರ್ ಮಾ ಎಂಬ ದೈತ್ಯ ಹುಳುವಿನ ಬಾಯಿಗೆ ದೂಡಿದರು. ಬದುಕಿ ಉಳಿದ ಟೂಂಬ್ಸ್‌ನನ್ನು ಹಿಡಿದು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅದರಿಂದ ಬಂದ ಆಯುಧ ಯಾವುದು, ಔಷಧಿ ಯಾವುದು? ಮೂರು ಗೇಮ್ ಹುಡುಕಿದರೂ ಕಾಣುವುದಿಲ್ಲ. ಆಮೇಲೆ ಎಡೊಲಸ್ ಗ್ರಹದಲ್ಲಿ ಮತ್ತೆ ಅದೇ ಆಟ. ತುರ್ತು ಕರೆ ಕಳಿಸುವ ಬೀಕನ್ ಇಟ್ಟು ಸೈನಿಕರನ್ನು ಅದೇ ಪ್ರಾಣಿಯ ಗೂಡಿಗೆ ಕರೆಸಿದರು. ಅದನ್ನು ಕೆದಕಲು ಹೋದ ಅಡ್ಮಿರಲ್ ಕಹೋಕು ಹೆಣವಾಗಿ ಸಿಕ್ಕರು. ಒಂದು ಸಲ ಏನೂ ಕಲಿಯದ ಪ್ರಯೋಗವನ್ನು ಎರಡನೇ ಸಲ ಮಾಡುವುದು ಯಾವ ಸೀಮೆಯ ಸಂಶೋಧನೆ?

ಇನ್ನು ಓವರ್‌ಲಾರ್ಡ್. ಏಯ್ಟ್ ಗ್ರಹದಲ್ಲಿ ಗೆತ್ ಎಂಬ ಬುದ್ಧಿಯುಳ್ಳ ಯಂತ್ರಜೀವಿಗಳನ್ನು ಹಿಡಿತಕ್ಕೆ ತರುವ ಯೋಜನೆ. ಡಾಕ್ಟರ್ ಗ್ಯಾವಿನ್ ಆರ್ಚರ್ ತನ್ನ ಸ್ವಂತ ತಮ್ಮ ಡೇವಿಡ್‌ನನ್ನೇ ಯಂತ್ರಕ್ಕೆ ಜೋಡಿಸಿದ. ಡೇವಿಡ್ ಆಟಿಸ್ಟಿಕ್. ಲೆಕ್ಕದಲ್ಲಿ ಅಸಾಧಾರಣ ಬುದ್ಧಿ. ಗೆತ್‌ಗಳ ಸದ್ದನ್ನು ಬಾಯಲ್ಲೇ ಮಾಡಿ ಅವುಗಳ ಜೊತೆ ಮಾತಾಡುತ್ತಿದ್ದ. ಇದನ್ನೊಂದು ಸಲ ಯೋಚಿಸಿ. ಇಡೀ ಗ್ಯಾಲಕ್ಸಿಯಲ್ಲಿ ಯಾರಿಗೂ ಬಾರದ ವಿದ್ಯೆ ಒಬ್ಬ ಹುಡುಗನಿಗೆ ಬರುತ್ತಿತ್ತು, ಅದೂ ಸುಮ್ನೆ ಕೋಣೆಯಲ್ಲಿ ನಿಂತುಕೊಂಡು. ಅವನನ್ನು ಕೂರಿಸಿಕೊಂಡು ನಾಲ್ಕು ತಿಂಗಳು ತಾಳ್ಮೆಯಿಂದ ಮಾತಾಡಿಸಿದ್ದರೆ ಗೆತ್‌ಗಳ ಬಗ್ಗೆ ಎಷ್ಟು ತಿಳಿಯುತ್ತಿತ್ತು! ಆದರೆ ಮೇಲಿನವನಿಗೆ ಬೇಗ ಫಲಿತಾಂಶ ಬೇಕಿತ್ತು. ಕಣ್ಣು ಮುಚ್ಚಲೂ ಆಗದಂತೆ ರೆಪ್ಪೆಗಳನ್ನು ಎಳೆದು ಕಟ್ಟಿ, ಬಾಯೊಳಗೆ ಕೊಳವೆ ತೂರಿಸಿ, ಗಾಳಿಯಲ್ಲಿ ನೇತುಹಾಕಿದರು. ಮಿಷನ್ ಉದ್ದಕ್ಕೂ ಕಿವಿಗೆ ಬಡಿಯುವ ಆ ಕರ್ಕಶ ಸದ್ದು ಇದೆಯಲ್ಲ, ಅದು ಏನೆಂದು ಕೊನೆಗಷ್ಟೇ ಗೊತ್ತಾಗುತ್ತದೆ. ಅದು ಡೇವಿಡ್ "ಸದ್ದು ನಿಲ್ಲಿಸಿ" ಅಂತ ಬೇಡಿಕೊಳ್ಳುತ್ತಿರುವುದು. ಆರ್ಚರ್ ಸಹೋದರರನ್ನು ಬಿಟ್ಟು ಆ ಕೇಂದ್ರಗಳಲ್ಲಿದ್ದವರೆಲ್ಲ ಸತ್ತರು. ನಾವು ಆಡುವ ನಾಯಕಪಾತ್ರ ಶೆಪರ್ಡ್ ಅಲ್ಲಿನ ದೊಡ್ಡ ಆಂಟೆನಾ ಬೀಳಿಸದೇ ಇದ್ದಿದ್ದರೆ, ಡೇವಿಡ್‌ನನ್ನು ಜೋಡಿಸಿ ಮಾಡಿದ ಆ ವಿಐ (ಕೃತಕ ಬುದ್ಧಿಯ ಪ್ರೋಗ್ರಾಂ) ಗ್ರಹ ಬಿಟ್ಟು ಹೊರಗೂ ಹರಡುತ್ತಿತ್ತು.

ನನ್ನ ಪ್ರಕಾರ "ಸರಿಯಾ, ಅಸಮರ್ಥರಾ" ಎಂಬುದು ಎರಡು ಪ್ರಶ್ನೆಯಾಗಿ ಉಳಿಯುವುದೇ ಇಲ್ಲ. ಗುರಿಗಾಗಿ ಯಾವ ದಾರಿಯಾದರೂ ಸರಿ ಅನ್ನುವವನ ದಾರಿ ಕೊನೇಪಕ್ಷ ಗುರಿಯನ್ನಾದರೂ ಮುಟ್ಟಬೇಕು ತಾನೇ? ಸರ್ಬರಸ್‌ನ ಕ್ರೌರ್ಯವೇ ಅವರ ವಿಜ್ಞಾನವನ್ನು ಕೆಡಿಸಿತು ಅನ್ನುವುದು ನನ್ನ ವಾದ. ಒಪ್ಪದವರು ಹೇಳಿ.

ಓಮೆಗಾ4

ನಾನು ಒಪ್ಪುವುದಿಲ್ಲ. ಇಷ್ಟು ಚೆನ್ನಾಗಿ ಬರೆದಿದ್ದೀರಿ, ಆದರೆ ಲೆಕ್ಕದಲ್ಲೇ ಒಂದು ದೊಡ್ಡ ತೂತು ಇದೆ.

ನಾವು ಯಾವ ಲ್ಯಾಬ್‌ಗೆ ಹೋಗುತ್ತೇವೆ? ಏನೋ ಕೆಟ್ಟು, ಕರೆ ಬಂದ ಲ್ಯಾಬ್‌ಗೆ ಮಾತ್ರ. ಎಲ್ಲ ಸರಿಯಾಗಿ ನಡೆದ ಕಡೆ ಶೆಪರ್ಡ್‌ಗೆ ಏನು ಕೆಲಸ? ಎರಡನೇ ಮಹಾಯುದ್ಧದ ಕಾಲದ ಗಣಿತಜ್ಞ ಅಬ್ರಹಾಂ ವಾಲ್ಡ್ ಅವರ ವಿಮಾನದ ಲೆಕ್ಕ ಎಲ್ಲರಿಗೂ ಗೊತ್ತಲ್ಲ. ತಿರುಗಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತು ಮಾತ್ರ ನೋಡಿದರೆ, ಬೀಳಿಸಿದ ಏಟು ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ. ಇಲ್ಲಿ ಅದೇ ತಲೆಕೆಳಗಾಗಿದೆ. ಬಿದ್ದ ವಿಮಾನಗಳನ್ನು ಮಾತ್ರ ನೋಡಿ ಹಾರುವ ವಿಮಾನವೇ ಇಲ್ಲ ಅನ್ನುತ್ತಿದ್ದೀರಿ.

ಕಣ್ಣೆದುರಿಗಿರುವ ಯಶಸ್ಸನ್ನೂ ಬಿಟ್ಟಿದ್ದೀರಿ. ಲಾಜರಸ್ ಯೋಜನೆ! 2183ರಲ್ಲಿ ಸತ್ತ ಶೆಪರ್ಡ್ 2185ರಲ್ಲಿ ಎದ್ದು ಕೂತಿದ್ದು ಯಾರಿಂದ? ಎರಡು ವರ್ಷ, 400 ಕೋಟಿ ಕ್ರೆಡಿಟ್. ಮನುಷ್ಯರ ಅಧಿಕೃತ ಸೇನೆ ಅಲೈಯನ್ಸ್ ಅಂತ್ಯಕ್ರಿಯೆ ಮುಗಿಸಿ ಕೈ ತೊಳೆದುಕೊಂಡಿತ್ತು. ಶೆಪರ್ಡ್ ಅವರ ಹಡಗು, ಹೊಸ ನಾರ್ಮಂಡಿ ಕಟ್ಟಿದ್ದು ಸರ್ಬರಸ್. ಹಡಗಿನ ಕೃತಕ ಬುದ್ಧಿ ಈಡಿಯನ್ನು ಮಾಡಿದ್ದು ಸರ್ಬರಸ್, ಅದೂ ರೀಪರ್ ತಂತ್ರಜ್ಞಾನ ಸೇರಿಸಿ. ಈ ಮೂರು ಇಲ್ಲದಿದ್ದರೆ ಮನುಷ್ಯರನ್ನು ಹೊತ್ತೊಯ್ಯುವ ಕಲೆಕ್ಟರ್‌ಗಳನ್ನು ತಡೆಯುವವರೇ ಇರಲಿಲ್ಲ.

ಇನ್ನೊಂದು. ಅರೈವಲ್ ಎಂಬ ಹೆಚ್ಚುವರಿ ಕಂತಿನಲ್ಲಿ ಡಾಕ್ಟರ್ ಕೆನ್ಸನ್ ಸರ್ಬರಸ್‌ನವರಲ್ಲ, ಅಲೈಯನ್ಸ್ ಕಡೆಯವರು. ರೀಪರ್ ವಸ್ತುವನ್ನು ತೆರೆದ ಜಾಗದಲ್ಲಿ ಇಟ್ಟುಕೊಂಡು ಇಡೀ ತಂಡದ ತಲೆ ಕೆಟ್ಟಿತು. ಕೊನೆಗೆ ನಕ್ಷತ್ರಗಳ ನಡುವೆ ಹಡಗು ದಾಟಿಸುವ ರಿಲೇಯನ್ನೇ ಒಡೆದು, ಬಟೇರಿಯನ್ ಎಂಬ ಅನ್ಯಜನಾಂಗದ 3 ಲಕ್ಷಕ್ಕೂ ಹೆಚ್ಚು ಜನ ಸಾಯಬೇಕಾಯಿತು. ಒಳ್ಳೆಯವರಿಗೂ ಇದೇ ಗತಿ ಆಯಿತು ಅಂದಮೇಲೆ ತಪ್ಪು ಸಂಸ್ಥೆಯದ್ದಲ್ಲ, ಮುಟ್ಟಿದ ವಸ್ತುವಿನದ್ದು.

ನೀಲಿ_ಬಯೋಟಿಕ್

ಪ್ರಾಗಿಯಾ ಗ್ರಹದ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಹಾಗಾಗಿ ನಾನು ಬರೆಯುತ್ತೇನೆ.

ಸರ್ಬರಸ್‌ನ ಟೆಲ್ಟಿನ್ ಕೇಂದ್ರಕ್ಕೆ, ಬಾಲ್ಯದಲ್ಲಿ ಅಲ್ಲೇ ಪ್ರಯೋಗಕ್ಕೆ ಒಳಗಾದ ಜ್ಯಾಕ್ ಜೊತೆ ಹೋದಾಗ ಅಲ್ಲಿನ ಲಾಗ್‌ಗಳನ್ನು ಬಿಡದೆ ಕೇಳಿ. ಬೇರೆ ಮಕ್ಕಳ ಮೇಲೆ ಮೊದಲು ಪ್ರಯೋಗ ಮಾಡುತ್ತಿದ್ದರು. ಅವರು ಸತ್ತರೆ ಅಡ್ಡಿಯಿಲ್ಲ, ಜ್ಯಾಕ್ ಉಳಿಯಬೇಕು ಅನ್ನುವ ಲೆಕ್ಕ. ಅವಳನ್ನು ಅದೇ ಮಕ್ಕಳ ಜೊತೆ ಹೊಡೆದಾಟಕ್ಕೆ ಬಿಡುತ್ತಿದ್ದರು. ಹಿಂಜರಿದರೆ ಕರೆಂಟ್ ಶಾಕ್, ಹೊಡೆದರೆ ನರಕ್ಕೆ ಮಾದಕದ್ರವ್ಯ. ಅವಳ ಕೋಣೆಯ ಗಾಜಿನಿಂದ ಹೊರಗಿನ ಮಕ್ಕಳು ಕಾಣುತ್ತಿದ್ದರು. ಅವಳು ಗಾಜು ಬಡಿದು ಕಿರುಚಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಅದು ಒಂದೇ ಕಡೆಯಿಂದ ಕಾಣುವ ಗಾಜು ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಅವರೆಲ್ಲ ನನ್ನನ್ನು ದ್ವೇಷಿಸುತ್ತಾರೆ ಎಂದುಕೊಂಡೇ ಬೆಳೆದಳು.

ಈಗ ಮೂರನೇ ಗೇಮ್‌ಗೆ ಬನ್ನಿ. ಸರ್ಬರಸ್ ಗ್ರಿಸಮ್ ಅಕಾಡೆಮಿಗೆ ನುಗ್ಗುತ್ತದೆ. ಯಾಕೆ? ಮುಟ್ಟದೆಯೇ ವಸ್ತುಗಳನ್ನು ಎಸೆಯಬಲ್ಲ ಬಯೋಟಿಕ್ ಶಕ್ತಿಯಿರುವ ಅಲ್ಲಿನ ವಿದ್ಯಾರ್ಥಿಗಳನ್ನು ಹೊತ್ತೊಯ್ಯಲು. ಮಕ್ಕಳನ್ನು ಕೊಂದು ಕೊಂದು "ಸಂಶೋಧನೆ" ಮಾಡಿದವರಿಗೆ ಸ್ವಂತದ್ದೊಂದು ಬಯೋಟಿಕ್ ಪಡೆ ತಯಾರು ಮಾಡಲು ಆಗಲಿಲ್ಲ. ಪಾಠ ಹೇಳಿ, ಊಟ ಹಾಕಿ, ಮಾನವೀಯವಾಗಿ ನಡೆಸಿಕೊಂಡು ಬೆಳೆಸಿದ ಶಾಲೆಯಿಂದ ಕದಿಯಬೇಕಾಯಿತು. ಆ ಮಕ್ಕಳಿಗೆ ಪಾಠ ಹೇಳುತ್ತಿರುವುದು ಯಾರು? ಜ್ಯಾಕ್. ಹಿಂದಿನ ಗೇಮ್‌ನಲ್ಲಿ ಡೇವಿಡ್‌ನನ್ನು ಬಿಡಿಸಿ ಕಳಿಸಿದ್ದರೆ ಅವನೂ ಅಲ್ಲೇ ಇರುತ್ತಾನೆ, ನಗುತ್ತಾ ಮಾತಾಡಿಸುತ್ತಾನೆ. ಸರ್ಬರಸ್ ಹಾಳು ಮಾಡಿದ ಇಬ್ಬರು ಒಂದೇ ಕಡೆ ಸೇರಿ ಸರ್ಬರಸ್‌ನಿಂದ ಮಕ್ಕಳನ್ನು ಕಾಪಾಡುತ್ತಾರೆ.

ಓಮೆಗಾ4, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಒಂದೇ ಕೆಲಸ, ಎರಡು ವಿಧಾನ. ಯಾವುದು ಫಲ ಕೊಟ್ಟಿತು ಅಂತ ಕಣ್ಣಾರೆ ನೋಡಬಹುದು.

ಓಮೆಗಾ4

ಪ್ರಾಗಿಯಾ ಅಸಹ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾಗ್‌ನಲ್ಲೇ ಇದೆ ನೋಡಿ, ಅಲ್ಲಿನವರು ಇಲ್ಯೂಸಿವ್ ಮ್ಯಾನ್‌ಗೆ ಪೂರ್ತಿ ವಿಷಯ ತಿಳಿಸುತ್ತಿರಲಿಲ್ಲ. ಆ ತಂಡ ಅವನ ಕೈ ಮೀರಿ ಹೋಗಿತ್ತು.

ರಿಲೇ_314

ಅದನ್ನು ಸಮರ್ಥನೆ ಎಂದು ಹೇಳುತ್ತಿದ್ದೀರಾ? ನನಗಂತೂ ಅದು ಆರೋಪದಂತೆಯೇ ಕೇಳಿಸುತ್ತದೆ. ಒಂದು ತಂಡ ಏನು ಮಾಡುತ್ತಿದೆ ಅಂತ ಇನ್ನೊಂದಕ್ಕೆ ಗೊತ್ತಾಗದಂತೆ ಸಂಸ್ಥೆ ಕಟ್ಟಿದವನು ಅವನೇ. ಗುಟ್ಟು ಉಳಿಸಲು ಹಾಗೆ ಮಾಡಿದ. ಅದೇ ಗುಟ್ಟಿನೊಳಗೆ ಮಕ್ಕಳು ಸತ್ತರು. "ನನಗೆ ಗೊತ್ತಿರಲಿಲ್ಲ" ಎನ್ನುವ ಅನುಕೂಲ ಅವನಿಗೆ, ಪ್ರಾಣ ಹೋಗಿದ್ದು ಬೇರೆಯವರದ್ದು.

ಇನ್ನು ವಿಮಾನದ ವಾದ. ಒಳ್ಳೆಯ ವಾದ, ಅದಕ್ಕೇ ಸರಿಯಾಗಿ ಉತ್ತರ ಕೊಡಬೇಕು. ಯಶಸ್ವಿಯಾದ ಲ್ಯಾಬ್‌ಗಳು ನಮಗೆ ಕಾಣುವುದಿಲ್ಲ, ನಿಜ. ಆದರೆ ಅವುಗಳ ಫಲ ಕಾಣಬೇಕಲ್ಲ? 2186ರಲ್ಲಿ ರೀಪರ್‌ಗಳು ಬಂದೇ ಬಿಟ್ಟವು. ಬಚ್ಚಿಟ್ಟಿದ್ದ ಅಸ್ತ್ರವನ್ನೆಲ್ಲ ಹೊರತೆಗೆಯುವ ದಿನ ಅದೇ. ಆಗ ಸರ್ಬರಸ್ ಏನು ಹೊರತೆಗೆಯಿತು? ರೀಪರ್ ತುಣುಕು ತುಂಬಿದ ಸೈನಿಕರನ್ನು. ಅವರನ್ನು ಹಚ್ಚಿದ್ದು ಯಾರ ಮೇಲೆ? ಮಂಗಳ ಗ್ರಹದ ವಿಜ್ಞಾನಿಗಳ ಮೇಲೆ, ಕೌನ್ಸಿಲ್ ನೆಲೆಯಾದ ಸಿಟಡೆಲ್ ಮೇಲೆ, ಶಾಲಾ ಮಕ್ಕಳ ಮೇಲೆ.

ಲಾಜರಸ್ ಬಗ್ಗೆ ನೀವೇ ನೆನಪಿಸಿದ್ದು ಒಳ್ಳೆಯದಾಯಿತು. ಅದು ಯಾಕೆ ಗೆದ್ದಿತು? ಆ ಯೋಜನೆ ನಡೆಸಿದ ಮಿರಾಂಡಾ, ಶೆಪರ್ಡ್ ತಲೆಯೊಳಗೆ ಹಿಡಿತದ ಚಿಪ್ ಇಡಬೇಕು ಅಂದಿದ್ದಳು. ಇಲ್ಯೂಸಿವ್ ಮ್ಯಾನ್ ಬೇಡ ಅಂದ. ಶೆಪರ್ಡ್ ಮೊದಲು ಹೇಗಿದ್ದರೋ ಹಾಗೆಯೇ ಬೇಕು, ಸ್ವಂತ ಬುದ್ಧಿ ಇರಬೇಕು ಅಂದ. ಸರ್ಬರಸ್ ಇತಿಹಾಸದಲ್ಲಿ ಅವನು ಒಬ್ಬರನ್ನು ನಂಬಿ ಸ್ವತಂತ್ರವಾಗಿ ಬಿಟ್ಟಿದ್ದು ಆ ಒಂದು ಸಲ. ಗೆದ್ದಿದ್ದೂ ಅದೊಂದೇ ದೊಡ್ಡ ಯೋಜನೆ.

ಈಡಿಯದ್ದೂ ಅದೇ ಕಥೆ. ಅವಳಿಗೆ ಸಂಕೋಲೆ ಹಾಕಿ ಇಟ್ಟಿದ್ದರು. ಕಲೆಕ್ಟರ್‌ಗಳು ಹಡಗಿಗೆ ನುಗ್ಗಿದ ದಿನ ಸಂಕೋಲೆ ಹಾಕಿದ ಈಡಿಯಿಂದ ಏನೂ ಆಗಲಿಲ್ಲ. ಆ ಮುರಿಯುವ ಮೂಳೆಯ ಕಾಲಲ್ಲಿ ಪೈಲಟ್ ಜೋಕರ್ ಹಡಗಿನ ಹೊಟ್ಟೆಯೊಳಗೆಲ್ಲ ನುಸುಳಿ ಹೋಗಿ ಬಿಡುಗಡೆ ಮಾಡಿದ ಮೇಲೆಯೇ ಅವಳು ನಾರ್ಮಂಡಿಯನ್ನು ಉಳಿಸಿದ್ದು. ನೀವು ಲೆಕ್ಕಕ್ಕೆ ತಂದ ಯಶಸ್ಸುಗಳೆಲ್ಲ ಸರ್ಬರಸ್ ತನ್ನ ಸ್ವಭಾವ ಬಿಟ್ಟಾಗ ಬಂದವು.

ಬಿಳಿಕೋಟು

ಆಟದಷ್ಟೇ ಇಷ್ಟಪಟ್ಟು ಲ್ಯಾಬ್‌ನಲ್ಲೂ ಕೆಲಸ ಮಾಡುವವನು ನಾನು. ಓಮೆಗಾ4 ಹೇಳಿದ "ಮುಟ್ಟಿದ ವಸ್ತುವಿನ ತಪ್ಪು" ಮಾತಿಗೆ ಉತ್ತರ ಕೊಡಬೇಕೆನಿಸಿತು.

ಅಪಾಯದ ವಸ್ತು ಮುಟ್ಟಿದ ಜಾಣರು ನಿಜ ಜೀವನದಲ್ಲೂ ಸತ್ತಿದ್ದಾರೆ. ಲಾಸ್ ಅಲಾಮೋಸ್‌ನಲ್ಲಿ ಪ್ಲುಟೋನಿಯಂನ ಒಂದೇ ಗುಂಡು ಇಬ್ಬರು ಭೌತವಿಜ್ಞಾನಿಗಳನ್ನು ಬಲಿ ತೆಗೆದುಕೊಂಡಿತು. 1945ರ ಆಗಸ್ಟ್ 21ರಂದು ಹ್ಯಾರಿ ಡಾಗ್ಲಿಯನ್ ಅದರ ಮೇಲೆ ಕೈತಪ್ಪಿ ಇಟ್ಟಿಗೆ ಬೀಳಿಸಿದರು. 1946ರ ಮೇ 21ರಂದು ಲೂಯಿಸ್ ಸ್ಲೋಟಿನ್ ಎರಡು ಅರ್ಧಗೋಳಗಳ ನಡುವೆ ಬರೀ ಸ್ಕ್ರೂಡ್ರೈವರ್ ಇಟ್ಟುಕೊಂಡು ತೋರಿಸುತ್ತಿದ್ದರು. ಅದು ಜಾರಿತು. ಒಂಬತ್ತು ದಿನಕ್ಕೆ ತೀರಿಕೊಂಡರು. ಸ್ಲೋಟಿನ್ ಅಸಮರ್ಥರಾ? ಆ ಕೆಲಸದಲ್ಲಿ ಅವರಷ್ಟು ಪಳಗಿದವರು ಕಡಿಮೆ. ಆದರೆ ವಿಧಾನ ತಪ್ಪಾಗಿತ್ತು. ಆಮೇಲೆ ಏನಾಯಿತು ಅನ್ನುವುದು ಮುಖ್ಯ. ಕೈಯಲ್ಲಿ ಮಾಡುವ ಆ ಪ್ರಯೋಗಗಳನ್ನೇ ನಿಲ್ಲಿಸಿದರು. ದೂರದಿಂದ, ಯಂತ್ರದ ಮೂಲಕ ಮಾಡಲು ಶುರು ಮಾಡಿದರು.

ಈಗ ಎರಡನೇ ಗೇಮ್‌ನಲ್ಲಿ ಸರ್ಬರಸ್ ಅಧ್ಯಯನ ಮಾಡಿದ ಸತ್ತ ರೀಪರ್ ನೋಡಿ. 3.7 ಕೋಟಿ ವರ್ಷ ಹಳೆಯ ಹೆಣ. ಡಾಕ್ಟರ್ ಚಂದನಾ ತಂಡವನ್ನು ಅದರ ಹೊಟ್ಟೆಯೊಳಗೇ ವಾಸಕ್ಕೆ ಕಳಿಸಿದರು. ಅಷ್ಟು ಹೊತ್ತಿಗೆ ರೀಪರ್ ಹತ್ತಿರ ಇದ್ದರೆ ಮನಸ್ಸು ಕೆಡುತ್ತದೆ ಅನ್ನುವುದು ಹೊಸ ಸುದ್ದಿಯಲ್ಲ. ಮೊದಲ ಗೇಮ್‌ನ ಖಳನಾಯಕ ಸೇರನ್ ವರ್ಮೈರ್ ಗ್ರಹದಲ್ಲಿ ಅದರ ಬಗ್ಗೆಯೇ ಅಧ್ಯಯನ ನಡೆಸುತ್ತಿದ್ದ, ಶೆಪರ್ಡ್ ಅದನ್ನು ಕಣ್ಣಾರೆ ಕಂಡಿದ್ದರು. ಇಷ್ಟಿದ್ದೂ ತಂಡವನ್ನು ಪಾಳಿ ಮೇಲೆ ಬದಲಾಯಿಸಲಿಲ್ಲ. ಹೊರಗೆ ಕೂತು ಇವರ ಮಾತು ನಡತೆ ಗಮನಿಸಲು ಯಾರನ್ನೂ ಇಡಲಿಲ್ಲ. ಅಲ್ಲಿ ಒಂದು ಲಾಗ್ ಇದೆ. ಇಬ್ಬರು ಮಾತಾಡುತ್ತಿರುತ್ತಾರೆ. ಒಬ್ಬ ತನ್ನ ಹೆಂಡತಿಯ ನೆನಪು ಹೇಳುತ್ತಾನೆ. ಇನ್ನೊಬ್ಬ, ಅರೆ, ಅದು ನನ್ನ ನೆನಪು ಅನ್ನುತ್ತಾನೆ. ಯಾವುದೇ ಲ್ಯಾಬ್‌ನಲ್ಲಿ ಇಂಥ ಮಾತು ಕೇಳಿದ ತಕ್ಷಣ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ತರಬೇಕು. ಅಲ್ಲಿ ಗಂಟೆ ಬಾರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ತಂಡದವರೇ ಹಸ್ಕ್‌ಗಳಾದರು, ಅಂದರೆ ರೀಪರ್ ತಂತ್ರದಿಂದ ನಡೆದಾಡುವ ಹೆಣಗಳು.

1947ರ ನ್ಯೂರೆಂಬರ್ಗ್ ಸಂಹಿತೆಯಲ್ಲಿ ಹತ್ತು ಅಂಶಗಳಿವೆ. ಮೊದಲನೆಯದು ಪ್ರಯೋಗಕ್ಕೆ ಒಳಗಾಗುವವರ ಸ್ವಇಚ್ಛೆಯ ಒಪ್ಪಿಗೆ. ಹತ್ತನೆಯದು, ಮುಂದುವರಿಸಿದರೆ ಗಾಯ, ಅಂಗವೈಕಲ್ಯ ಅಥವಾ ಸಾವು ಆಗಬಹುದು ಅನಿಸಿದ ಕ್ಷಣ ವಿಜ್ಞಾನಿ ನಿಲ್ಲಿಸಲು ತಯಾರಿರಬೇಕು ಅನ್ನುವುದು. ಜನ ಇದನ್ನು ಬರೀ ದಯೆಯ ನಿಯಮ ಅಂದುಕೊಳ್ಳುತ್ತಾರೆ. ಕೆಲಸ ಮಾಡುವವನಾಗಿ ಹೇಳುತ್ತೇನೆ, ಇದು ಒಳ್ಳೆಯ ವಿಜ್ಞಾನದ ನಿಯಮವೂ ಹೌದು. ಒಪ್ಪಿ ಬಂದವನು "ಇಲ್ಲಿ ಏನೋ ಸರಿಯಿಲ್ಲ, ತಲೆ ಸುತ್ತುತ್ತಿದೆ" ಅಂತ ಬಾಯಿ ಬಿಟ್ಟು ಹೇಳುತ್ತಾನೆ. ಕಟ್ಟಿಹಾಕಿದವನು ಕಿರುಚುತ್ತಾನೆ, ಆ ಕಿರುಚಾಟಕ್ಕೆ ಯಾರೂ ಕಿವಿ ಕೊಡುವುದಿಲ್ಲ. ಡೇವಿಡ್ ಮೊದಲ ದಿನದಿಂದ ಹೇಳುತ್ತಿದ್ದದ್ದೇ ಆ ಪ್ರಯೋಗದ ಅತಿ ಮುಖ್ಯ ಮಾಹಿತಿ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕೆನ್ಸನ್ ವಿಷಯದಲ್ಲಿ ಓಮೆಗಾ4 ಹೇಳಿದ್ದು ಸರಿ, ಅಲ್ಲೂ ಇದೇ ಆಯಿತು. ಅಲ್ಲೂ ಗುಟ್ಟಿನ ಜಾಗ, ಹೊರಗಿನವರ ಕಣ್ಣಿಲ್ಲ, ನಿಲ್ಲಿಸಿ ಅನ್ನುವವರಿಲ್ಲ. ಬ್ಯಾಡ್ಜ್ ಬೇರೆ, ವಿಧಾನ ಒಂದೇ.

ಹಳೇ_ನಾರ್ಮಂಡಿ

ನಡುವೆ ಒಂದು ಮಾತು. ಎರಡನೇ ಗೇಮ್‌ನ ಸರ್ಬರಸ್ ಬೇರೆ, ಮೂರನೇ ಗೇಮ್‌ನ ಸರ್ಬರಸ್ ಬೇರೆ. ಒಂದರಲ್ಲಿ ಬೆರಳೆಣಿಕೆಯ ತಂಡಗಳು, ಇನ್ನೊಂದರಲ್ಲಿ ಎಲ್ಲಿ ನೋಡಿದರೂ ಸೈನ್ಯ, ಹಡಗು. ಕಥೆಗೆ ಶತ್ರು ಬೇಕಿತ್ತು, ಊದಿಸಿದರು. ಹಾಗಾಗಿ ಇವರ ಅಸಮರ್ಥತೆಯಲ್ಲಿ ಸ್ವಲ್ಪ ಪಾಲು ಕಥೆ ಬರೆದವರದ್ದೂ ಇದೆ ಎನಿಸುತ್ತದೆ.

ನೀಲಿ_ಬಯೋಟಿಕ್

ಸೈನ್ಯದ ಗಾತ್ರದ ಬಗ್ಗೆ ಒಪ್ಪುತ್ತೇನೆ. ಆದರೆ ಸ್ವಭಾವ 2007ರ ಮೊದಲ ಗೇಮ್‌ನಿಂದ 2012ರ ಮೂರನೆಯದರವರೆಗೂ ಒಂದೇ. ಕಹೋಕುವನ್ನು ಕೊಂದವರೇ ಸ್ಯಾಂಕ್ಚುರಿ ನಡೆಸಿದವರು.

ಓಮೆಗಾ4

ಸ್ಯಾಂಕ್ಚುರಿ ಹೆಸರು ಬಂದಿದ್ದಕ್ಕೆ ನನ್ನ ಕೊನೆಯ ದೊಡ್ಡ ವಾದ ಇಡುತ್ತೇನೆ. ಹೊರೈಜನ್ ಗ್ರಹದ ಸ್ಯಾಂಕ್ಚುರಿಗೆ ಆಶ್ರಯ ಅಂತ ಬಂದ ನಿರಾಶ್ರಿತರನ್ನು ಹಸ್ಕ್ ಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ನಾನೂ ಇಲ್ಲ. ಆದರೆ "ಫಲಿತಾಂಶ ಸೊನ್ನೆ" ಅನ್ನಬೇಡಿ. ಅದನ್ನು ನಡೆಸುತ್ತಿದ್ದ ಹೆನ್ರಿ ಲಾಸನ್ ಅಲ್ಲಿ ಹಸ್ಕ್‌ಗಳನ್ನು ಹಿಡಿತಕ್ಕೆ ತರುವ ಸಂಕೇತದ ತನಕ ಬಂದಿದ್ದ. ಅದಕ್ಕೇ ರೀಪರ್‌ಗಳು ಆ ಜಾಗದ ಮೇಲೆ ಎರಗಿದ್ದು. ಕೊನೆಗೆ ರೀಪರ್‌ಗಳ ವಿರುದ್ಧ ಕಟ್ಟಿದ ಅಸ್ತ್ರ ಕ್ರೂಸಿಬಲ್ ಮುಂದೆ ಶೆಪರ್ಡ್‌ಗೆ ಸಿಗುವ ದಾರಿಗಳಲ್ಲಿ ಒಂದು, ರೀಪರ್‌ಗಳನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು. ಅಂದರೆ ಇಲ್ಯೂಸಿವ್ ಮ್ಯಾನ್ ಹೇಳಿದ್ದು ಆಗುವ ಮಾತೇ. ಇಡೀ ಗ್ಯಾಲಕ್ಸಿ ಅವನನ್ನು ಹುಚ್ಚ ಅಂದಿತು, ಅವನು ಸರಿಯಾಗಿದ್ದ.

ಮೇಲಾನ್ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅವನು ಸರ್ಬರಸ್‌ನವನಲ್ಲ, ಸಲಾರಿಯನ್ ಜನಾಂಗದ ವಿಜ್ಞಾನಿ. ಕ್ರೋಗನ್ ಜನಾಂಗದ ಸಂತಾನ ತಡೆಯುವ ಜೆನೊಫೇಜ್ ವಾಸಿ ಮಾಡಲು ಅವರ ಗ್ರಹ ಟುಚಾಂಕಾದಲ್ಲಿ ಜನರನ್ನು ಕೊಂದು ಪ್ರಯೋಗ ಮಾಡಿದ. ಆ ದತ್ತಾಂಶ ಉಳಿಸಿಕೊಂಡರೆ ಮೂರನೇ ಗೇಮ್‌ನಲ್ಲಿ ಕ್ರೋಗನ್ ಹೆಂಗಸು ಈವ್ ಬದುಕುತ್ತಾಳೆ. ಅಳಿಸಿದರೆ ಸಾಯುತ್ತಾಳೆ. ಕೆಟ್ಟ ಪ್ರಯೋಗದಿಂದ ಒಳ್ಳೆಯದು ಬರುವುದಿಲ್ಲ ಅನ್ನುವವರು ಈವ್ ಮುಖ ನೋಡಿ ಆ ಮಾತು ಹೇಳಲಿ.

ರಿಲೇ_314

ಈ ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಮಾತು ಇದು. ಎರಡಕ್ಕೂ ಬೇರೆ ಬೇರೆಯಾಗಿ ಉತ್ತರಿಸುತ್ತೇನೆ.

ಹಿಡಿತಕ್ಕೆ ತರಲು ಸಾಧ್ಯ, ಹೌದು. ಆದರೆ ಕೊನೆಯಲ್ಲಿ ರೀಪರ್‌ಗಳನ್ನು ನಡೆಸುವ ಕೃತಕ ಬುದ್ಧಿ ಕ್ಯಾಟಲಿಸ್ಟ್ ಹೇಳುವುದನ್ನು ಪೂರ್ತಿ ಕೇಳಿ. ಅದು ಇಲ್ಯೂಸಿವ್ ಮ್ಯಾನ್ ಕೈಲಿ ಎಂದೂ ಆಗುತ್ತಿರಲಿಲ್ಲ. ಅವನು ಆಗಲೇ ರೀಪರ್‌ಗಳ ಹಿಡಿತದಲ್ಲಿದ್ದ. ಬೇರೆಯವರ ಮೇಲೆ ಮಾಡಿ ಮಾಡಿ ಕೊನೆಗೆ ತನ್ನ ಮೈಯೊಳಗೇ ರೀಪರ್ ಭಾಗಗಳನ್ನು ಹಾಕಿಸಿಕೊಂಡ. ನಿನ್ನ ತಲೆ ನಿನ್ನದಲ್ಲ ಕಣಪ್ಪ ಅಂತ ಹೇಳಬಲ್ಲವರನ್ನೆಲ್ಲ ಅಷ್ಟರಲ್ಲಿ ಕಳೆದುಕೊಂಡಿದ್ದ. ಮಿರಾಂಡಾ ಬಿಟ್ಟು ಹೋಗಿದ್ದಳು, ಜೇಕಬ್ ಬಿಟ್ಟು ಹೋಗಿದ್ದ. ಡಾಕ್ಟರ್ ಬ್ರಿನ್ ಕೋಲ್ ಜೊತೆ ವಿಜ್ಞಾನಿಗಳ ಒಂದು ಗುಂಪೇ ಸಂಸಾರ ಸಮೇತ ಓಡಿಹೋಗಿ ಅಡಗಿಕೊಂಡಿತ್ತು. ಅವರನ್ನು ಹಿಡಿಯಲು ಸೈನ್ಯ ಕಳಿಸಿದ. ಅವರು ಶೆಪರ್ಡ್ ಜೊತೆ ಹೋಗಿ ಕ್ರೂಸಿಬಲ್‌ಗೆ ಕೆಲಸ ಮಾಡಿದರು. ಆ ಕ್ರೂಸಿಬಲ್ ಕಟ್ಟಿದ್ದು ಹೇಗೆ? ನಕ್ಷೆಯನ್ನು ಎಲ್ಲರ ಮುಂದೆ ಹರಡಿ, ಬಂದ ಜನಾಂಗದವರನ್ನೆಲ್ಲ ಸೇರಿಸಿಕೊಂಡು. ಉತ್ತರ ಅವನಿಗೆ ಗೊತ್ತಿತ್ತು ಅನ್ನೋಣ. ಆ ಉತ್ತರವನ್ನು ಬಳಸಲಾಗದ ಸ್ಥಿತಿಗೆ ತಂದಿದ್ದು ಅವನ ವಿಧಾನವೇ.

ಮೇಲಾನ್ ದತ್ತಾಂಶ. ನಾನೂ ಅದನ್ನು ಉಳಿಸುತ್ತೇನೆ. ಪ್ರತಿ ಸಲ. ಸತ್ತವರ ನೋವನ್ನು ಅಳಿಸಿ ಹಾಕಿದರೆ ಅವರಿಗೆ ಏನೂ ಸಿಗುವುದಿಲ್ಲ, ಈವ್‌ಗೆ ಸಾವು ಸಿಗುತ್ತದೆ. ಆದರೆ ಅಲ್ಲಿ ಫಲ ಬಂದಿದ್ದು ಎಲ್ಲಿಂದ? ಆ ಕಾಗದಗಳು ಮೇಲಾನ್‌ನ ಗುರು ಮೋರ್ಡಿನ್ ಕೈಗೆ ಬಂದ ಮೇಲೆ. ಮೇಲಾನ್ ಕೊಲ್ಲುತ್ತಲೇ ಇದ್ದ, ಮದ್ದು ಮಾತ್ರ ಕೈಗೆ ಬಂದಿರಲಿಲ್ಲ. ಮೋರ್ಡಿನ್ ಈವ್ ಪಕ್ಕ ಕೂತು, ಅವಳ ಜೊತೆ ಮಾತಾಡುತ್ತಾ, ಅವಳ ಒಪ್ಪಿಗೆಯಿಂದ ಆ ಕೆಲಸ ಮುಗಿಸಿದರು. ಆಗಿಹೋದದ್ದರಿಂದ ಬಂದದ್ದನ್ನು ಬಳಸುವುದು ಒಂದು, ಅದನ್ನು ತೋರಿಸಿ ಮುಂದಿನ ಕೊಲೆಗೆ ಅನುಮತಿ ಕೇಳುವುದು ಇನ್ನೊಂದು.

ಬಿಳಿಕೋಟು

ಮೋರ್ಡಿನ್ ಬಗ್ಗೆ ಒಂದು ಸೇರ್ಪಡೆ. ಟುಚಾಂಕಾದಲ್ಲಿ ಮೇಲಾನ್ ಪ್ರಯೋಗಕ್ಕೆ ಸತ್ತ ಕ್ರೋಗನ್ ಹೆಂಗಸೊಬ್ಬಳ ಮುಂದೆ ಅವರು ನಿಲ್ಲುವ ದೃಶ್ಯ ಇದೆ. ಅಷ್ಟು ವೇಗವಾಗಿ ಮಾತಾಡುವ ಮನುಷ್ಯ ಅಲ್ಲಿ ತಡವರಿಸುತ್ತಾರೆ. ಸರ್ಬರಸ್ ವಿಜ್ಞಾನಿಗಳಲ್ಲಿ ಕೆಲಸ ನಡೆಯುತ್ತಿರುವಾಗಲೇ ಹಾಗೆ ತಡವರಿಸಿದವರು ಒಬ್ಬರನ್ನು ತೋರಿಸಿ. ಆರ್ಚರ್ ಕೂಡ ಆಮೇಲೆ ಓಡಿ ಬಂದು ಬ್ರಿನ್ ಕೋಲ್ ಗುಂಪಿನ ಜೊತೆ ಸಿಗುತ್ತಾನೆ, ಪಶ್ಚಾತ್ತಾಪದ ಮಾತಾಡುತ್ತಾನೆ. ಏಯ್ಟ್‌ನಲ್ಲಿ ಡೇವಿಡ್ ನೇತಾಡುತ್ತಿರುವಾಗ ಮಾತ್ರ ಅವನನ್ನು ತನ್ನ ಬಳಿಯೇ ಬಿಡಿ ಅಂತ ಕೇಳಿದವನೂ ಅವನೇ.

ಓಮೆಗಾ4

ಅದೊಂದರಲ್ಲಿ ನಾನು ನಿಮ್ಮ ಕಡೆ. ಡೇವಿಡ್‌ನನ್ನು ಆರ್ಚರ್ ಬಳಿ ಬಿಟ್ಟು ಬರುವ ಆಯ್ಕೆಯನ್ನು ನಾನು ಯಾವತ್ತೂ ಒತ್ತಿಲ್ಲ. ಆದರೆ ಎರಡನೇ ಗೇಮ್ ಕೊನೆಯಲ್ಲಿ ಕಲೆಕ್ಟರ್ ನೆಲೆಯನ್ನು ಸರ್ಬರಸ್‌ಗೆ ಕೊಡದೆ ಒಡೆಯುವುದು ನನಗೆ ಈಗಲೂ ತಪ್ಪು ಅನಿಸುತ್ತದೆ. ರೀಪರ್‌ಗಳು ಬರುವುದು ಖಚಿತ, ಕೈಯಲ್ಲಿ ಅಷ್ಟು ದೊಡ್ಡ ಮಾಹಿತಿಯ ರಾಶಿ ಇದೆ, ಅದನ್ನು ಬೂದಿ ಮಾಡುವುದಾ? ಸರ್ಬರಸ್ ಕೈಗೆ ಬೇಡ ಅನ್ನಿ, ಒಪ್ಪುತ್ತೇನೆ. ಬಿಳಿಕೋಟು ಹೇಳಿದ ಹಾಗೆ ಪಾಳಿ, ಹೊರಗಿನ ಕಣ್ಣು, ನಿಲ್ಲಿಸುವ ಅಧಿಕಾರ ಎಲ್ಲ ಇಟ್ಟುಕೊಂಡು ಬೇರೆಯವರಿಗೆ ಕೊಡುವ ಮೂರನೇ ಆಯ್ಕೆ ಗೇಮ್‌ನಲ್ಲಿ ಇಲ್ಲ. ಇದ್ದಿದ್ದರೆ ನೀವು ಯಾರಿಗೆ ಕೊಡುತ್ತಿದ್ದಿರಿ?

ರಿಲೇ_314

ಅಲೈಯನ್ಸ್ ಅಡ್ಮಿರಲ್ ಹ್ಯಾಕೆಟ್‌ಗೆ. ತಂಡದಲ್ಲಿ ಎಂಜಿನಿಯರ್ ಟಾಲಿ ಮತ್ತು ಮೋರ್ಡಿನ್ ಇರಬೇಕು, ನಿಲ್ಲಿಸುವ ಅಧಿಕಾರ ಹಡಗಿನ ವೈದ್ಯೆ ಡಾಕ್ಟರ್ ಚಾಕ್ವಾಸ್ ಬಳಿ ಇರಬೇಕು. ಅವರೂ ಬೇಡ ಅಂದರೆ ನಾನೂ ಆ ನೆಲೆಯನ್ನು ಒಡೆಯುತ್ತೇನೆ.